ಅಳುವುದಕ್ಕೂ ಪುರುಸೊತ್ತಿಲ್ಲದ ದುಃಖ

ಮಗು ಹೋಗಿ ಇನ್ನೂ ತಿಂಗಳು ತುಂಬಿಲ್ಲ. ಇತ್ತ ಅಮ್ಮನಿಗೆ ಕಿಮೋಥೆರಪಿ ನಡೆಯುತ್ತಿದೆ. ರಾತ್ರಿಯ ಮಾತ್ರೆ ಕೊಡಬೇಕು, ಜ್ವರ ನೋಡಬೇಕು, ಬೆಳಗಾದರೆ ರಕ್ತಪರೀಕ್ಷೆಗೆ ಕರೆದೊಯ್ಯಬೇಕು. ಇಂಥ ಸಂಕಟದಲ್ಲಿ ಸಿಕ್ಕವರನ್ನು ಒಂದು ಅಳುಕು ಬಿಡದೆ ಕಾಡುತ್ತದೆ: ಮಾತ್ರೆ ಎಣಿಸುವ ಗಡಿಬಿಡಿಯಲ್ಲಿ ಅರ್ಧ ಗಂಟೆ ಮಗುವಿನ ನೆನಪೇ ಬರಲಿಲ್ಲವಲ್ಲ, ನಾನೆಂಥ ತಾಯಿ?

ಆ ಅರ್ಧ ಗಂಟೆಯ ಮರೆವು ತಪ್ಪಲ್ಲ. ನೆದರ್ಲೆಂಡ್ಸ್‌ನ ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಷುಟ್ 1999ರಲ್ಲಿ ಮುಂದಿಟ್ಟ ಮಾದರಿಯ ಪ್ರಕಾರ, ದುಃಖಿಸುವ ಮನಸ್ಸು ಜೋಕಾಲಿಯಂತೆ ತೂಗುತ್ತದೆ. ಒಮ್ಮೆ ಅಗಲಿದವರತ್ತ, ಒಮ್ಮೆ ಮುಂದೆ ಬಿದ್ದಿರುವ ಕೆಲಸದತ್ತ. ಹೀಗೆ ಹೋಗಿಬರುವುದೇ ಚೇತರಿಕೆಯ ದಾರಿ. (ನಿರಾಕರಣೆ, ಸಿಟ್ಟು ಎಂದು ಶುರುವಾಗುವ ದುಃಖದ ಐದು ಹಂತಗಳ ಮಾತು ಎಲ್ಲರಿಗೂ ಗೊತ್ತು. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಅದನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತನಾಡಿಸಿ. ಈ ಮನೆಯಲ್ಲಿ ಅದು ಹೊಂದುವುದಾದರೆ ಹಾಸಿಗೆ ಹಿಡಿದವರಿಗೆ.)

ತೊಂದರೆ ಇರುವುದು ಜೋಕಾಲಿ ಒಂದೇ ಕಡೆ ಸಿಕ್ಕಿಕೊಂಡಾಗ. ಆರೈಕೆಗೆ ಬಿಡುವೆಂಬುದಿಲ್ಲ; ಶೋಕದ ಕಡೆಗೆ ತೂಗುವ ಅವಕಾಶವೇ ಸಿಗುವುದಿಲ್ಲ. ಅದರ ಲೆಕ್ಕವನ್ನು ದೇಹ ಬರೆದಿಟ್ಟುಕೊಳ್ಳುತ್ತದೆ. 1995ರಲ್ಲಿ ಅಮೆರಿಕದ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನಲ್ಲಿ 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿ ಕಾದಿತು. ಅದು ಮಾಯಲು ಸರಾಸರಿ 48.7 ದಿನ ಬೇಕಾಯಿತು. ಅದೇ ವಯಸ್ಸಿನ, ಆ ಹೊರೆ ಇಲ್ಲದವರಿಗೆ 39.3 ದಿನ ಸಾಕಾಗಿತ್ತು. ಚಿಕ್ಕ ಅಧ್ಯಯನ ನಿಜ, ಆದರೆ ಒಂಬತ್ತು ದಿನದ ಅಂತರ ಚಿಕ್ಕದಲ್ಲ.

ಇದು ಬರೀ ಆರೈಕೆಯ ಬೆಲೆ. ಮಗುವಿನ ಸಾವಿನದು ಬೇರೆಯೇ. ಮಗುವನ್ನು ಕಳೆದುಕೊಂಡ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಹೆತ್ತವರ ದಾಖಲೆಗಳನ್ನು ಡೆನ್ಮಾರ್ಕಿನಲ್ಲಿ ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಥ ತಾಯಂದಿರ ಸಾವಿನ ಅಪಾಯ ಉಳಿದವರಿಗಿಂತ ಶೇ. 40ಕ್ಕೂ ಹೆಚ್ಚಿತ್ತು. ಮೊದಲ ಮೂರು ವರ್ಷಗಳಲ್ಲಿ ಅಪಘಾತ, ಆತ್ಮಹತ್ಯೆಯಂಥ ಅಸಹಜ ಸಾವುಗಳ ಅಪಾಯವಂತೂ ಸುಮಾರು ನಾಲ್ಕು ಪಟ್ಟು. ಇವು ಹೋಲಿಕೆಯ ಸಂಖ್ಯೆಗಳು. ಬಹುಪಾಲು ತಾಯಂದಿರು ಬದುಕಿ ಉಳಿಯುತ್ತಾರೆ. ಆದರೂ ಸಾಯುವ ಯೋಚನೆ ಸುಳಿದರೆ ಅದನ್ನು ಅಮ್ಮನ ಚಿಕಿತ್ಸೆ ಮುಗಿಯುವವರೆಗೆ ಮುಂದೂಡುವಂತಿಲ್ಲ. ಅಂದೇ ಯಾರಿಗಾದರೂ ಹೇಳಬೇಕು, ವೈದ್ಯರನ್ನು ಕಾಣಬೇಕು.

ಇನ್ನೊಂದು ಯೋಚನೆ ಇದೆ, ಬಾಯಿಬಿಟ್ಟು ಹೇಳಲಾಗದ್ದು. ಹೋಗುವ ಸರದಿ ಅಮ್ಮನದಾಗಿತ್ತಲ್ಲ, ಮಗುವಿನದೇಕೆ ಬಂತು? ಯೋಚನೆ ಬಂದ ಮರುಕ್ಷಣವೇ ನಾಚಿಕೆಯಾಗುತ್ತದೆ. ಇದು ದ್ವೇಷವಲ್ಲ. ಹಿರಿಯರು ಮೊದಲು ಎಂಬ ಕ್ರಮವನ್ನು ನಂಬಿಕೊಂಡು ಬಂದ ಮನಸ್ಸು ಆ ಲೆಕ್ಕ ತಪ್ಪಿದಾಗ ಹೀಗೇ ತಡಕಾಡುತ್ತದೆ. ವಿಚಿತ್ರವೆಂದರೆ ಹಾಸಿಗೆಯಲ್ಲಿರುವ ಅಮ್ಮನೂ ಬಹುಶಃ ಅದನ್ನೇ ಯೋಚಿಸುತ್ತಿರುತ್ತಾಳೆ: ಆ ಕೂಸಿನ ಬದಲು ನನ್ನನ್ನು ಕರೆದುಕೊಳ್ಳಬಾರದಿತ್ತೇ? ಅಜ್ಜಿಯ ದುಃಖ ಇಮ್ಮಡಿ, ಒಂದು ಮೊಮ್ಮಗುವಿಗಾಗಿ, ಇನ್ನೊಂದು ಕಣ್ಣೆದುರು ಬಾಡುತ್ತಿರುವ ತನ್ನ ಮಗಳಿಗಾಗಿ. ರೋಗಿಗೆ ನೋವಾಗದಿರಲಿ ಎಂದು ಮಗಳು ಮುಚ್ಚಿಡುತ್ತಾಳೆ, ಮಗಳಿಗೆ ಭಾರವಾಗದಿರಲಿ ಎಂದು ಅಮ್ಮ.

ಹೀಗೆ ಮುಚ್ಚಿಡುವುದು ಯಾರನ್ನೂ ಕಾಯುವುದಿಲ್ಲವೇನೋ. ಮಗುವನ್ನು ಕಳೆದುಕೊಂಡ 219 ಡಚ್ ದಂಪತಿಗಳನ್ನು ಸ್ಟ್ರೋಬೆ ಮತ್ತು ಸಂಗಡಿಗರು ಸಾವಿನ 6, 13 ಮತ್ತು 20 ತಿಂಗಳ ನಂತರ ಪ್ರಶ್ನಿಸಿದ್ದರು. ಫಲಿತಾಂಶ 2013ರಲ್ಲಿ ಹೊರಬಂತು. ಸಂಗಾತಿಗಾಗಿ ತಮ್ಮ ದುಃಖ ನುಂಗಿಕೊಂಡವರ ಶೋಕ ಕಾಲ ಕಳೆದಂತೆ ಹೆಚ್ಚಿತ್ತು, ಯಾರಿಗಾಗಿ ನುಂಗಿದ್ದರೋ ಅವರದೂ ಹೆಚ್ಚಿತ್ತು. ಅಧ್ಯಯನ ಗಂಡಹೆಂಡಿರದ್ದು, ತಾಯಿಮಗಳದ್ದಲ್ಲ. ಆದರೂ ಒಂದೇ ಕೋಣೆಯಲ್ಲಿ ಎರಡು ಬಾಯಿ ಬಿಗಿದುಕೊಂಡು ಕೂತರೆ ಇಲ್ಲಿ ಬೇರೆ ಏನಾದೀತೆಂದು ನನಗನ್ನಿಸುವುದಿಲ್ಲ. ಮಗುವಿನ ಹೆಸರು ಹಿಡಿದು ಒಂದು ಮಾತು ಆಡಿದರೂ ಸಾಕು. ಒಟ್ಟಿಗೆ ಅತ್ತರೆ ಚಿಕಿತ್ಸೆ ಕೆಡುವುದಿಲ್ಲ.

ಇಂಥವರ ಗಮನ, ನೆನಪು ಎರಡೂ ಸಡಿಲವಾಗಿರುತ್ತವೆ. ಔಷಧಿಯ ಹೊತ್ತು, ಪ್ರಮಾಣ ಬರೆದು ಗೋಡೆಗೆ ಅಂಟಿಸುವುದು ಒಳ್ಳೆಯದು. ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುವ ನೆಂಟರಿಗೆ ವಾರದಲ್ಲಿ ಒಂದು ಸಂಜೆಯ ಪಾಳಿಯನ್ನೇ ಕೊಟ್ಟುಬಿಡಿ. ಆ ಸಂಜೆಯನ್ನು ಬಾಕಿ ಕೆಲಸಗಳಿಗೆ ಖರ್ಚು ಮಾಡಬೇಡಿ. ಮಗುವಿನ ಬಟ್ಟೆಯ ಕಪಾಟು ಇನ್ನೂ ತೆರೆಯದೆ ಹಾಗೇ ಇದೆಯಲ್ಲ, ಅದರ ಮುಂದೆ ಕೂರುವುದಾದರೆ ಕೂರಿ.