ಮಿನಿ ದೊಡ್ಡದಾದ ಕತೆ

1959ರ ಆಗಸ್ಟ್ 26ರಂದು ಬ್ರಿಟನ್ನಿನಲ್ಲಿ ಬಿಡುಗಡೆಯಾದ ಮಿನಿ ಕಾರಿನ ಉದ್ದ 3.05 ಮೀಟರ್. ನಮ್ಮ ಮಾರುತಿ 800 ಕೂಡ ಅದಕ್ಕಿಂತ ಒಂದು ಗೇಣು ಉದ್ದ. ಈಗ ಅದೇ ಹೆಸರಿನ ಮಿನಿ ಕಂಟ್ರಿಮನ್ 4.4 ಮೀಟರಿಗೂ ಜಾಸ್ತಿ ಇದೆ. ಪುಟ್ಟದು ಅಂತಲೇ ಹೆಸರಾದ ಕಾರು ಇಷ್ಟು ಬೆಳೆದದ್ದು ಹೇಗೆ?

ಶುರುವಾದದ್ದು ಪೆಟ್ರೋಲಿನ ಬರದಿಂದ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ತೈಲದ ಹಡಗುಗಳು ಬರುತ್ತಿದ್ದ ಈಜಿಪ್ಟಿನ ಸೂಯೆಜ್ ಕಾಲುವೆ ಮುಚ್ಚಿ, ಬ್ರಿಟನ್ನಿನಲ್ಲಿ ಪೆಟ್ರೋಲಿಗೂ ರೇಷನ್ ಬಂತು. ಜರ್ಮನಿಯ ಗುಳ್ಳೆಯಾಕಾರದ ಪುಟ್ಟ ಕಾರುಗಳು ಅಲ್ಲಿನ ರಸ್ತೆಗಿಳಿದವು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲೆನಾರ್ಡ್ ಲಾರ್ಡ್, ನಾಲ್ಕು ಜನ ಸರಿಯಾಗಿ ಕೂರಬಲ್ಲ ಚಿಕ್ಕ ಕಾರು ಬೇಕು ಅಂತ ಕಂಪನಿಯ ವಿನ್ಯಾಸಕಾರ ಅಲೆಕ್ ಇಸಿಗೋನಿಸ್‌ಗೆ ಹೇಳಿದರು.

ಇಸಿಗೋನಿಸ್ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಬೆರಗು. ಇಂಜಿನ್ನನ್ನು ಅಡ್ಡ ತಿರುಗಿಸಿ ಕೂರಿಸಿದರು. ಗೇರ್‌ಬಾಕ್ಸನ್ನು ಅದರ ಕೆಳಗೆ, ಆಯಿಲ್ ನಿಲ್ಲುವ ಜಾಗದಲ್ಲೇ ಇಟ್ಟರು. ಮುಂದಿನ ಚಕ್ರಗಳೇ ಗಾಡಿ ಎಳೆಯುವಂತೆ ಮಾಡಿದರು. ಚಕ್ರ ಬರೀ 10 ಇಂಚಿನದು. ಸ್ಪ್ರಿಂಗ್ ಬದಲು ಇಂಜಿನಿಯರ್ ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಕೋನ್. ಹೀಗೆ ಒಂದೊಂದು ಇಂಚು ಉಳಿಸಿ, ಕಾರಿನ ನೆಲದ ಸುಮಾರು 80 ಶೇಕಡಾ ಜಾಗವನ್ನು ಜನಕ್ಕೂ ಸಾಮಾನಿಗೂ ಬಿಟ್ಟುಕೊಟ್ಟರು. ಮುಂದೆ ಜಗತ್ತಿನ ಸಣ್ಣ ಕಾರುಗಳಲ್ಲಿ ಅಡ್ಡ ಇಂಜಿನ್, ಮುಂಚಕ್ರದ ಎಳೆತ ಮಾಮೂಲಿಯಾಯಿತು.

ಒಂದು ವಿಷಯ ಗಮನಿಸಬೇಕು. ಆಗ ಮಿನಿ ಅನ್ನೋದು ಒಂದು ಬ್ರ್ಯಾಂಡ್ ಆಗಿರಲಿಲ್ಲ. ಕಾರು ಬಂದದ್ದು ಆಸ್ಟಿನ್ ಸೆವೆನ್, ಮೋರಿಸ್ ಮಿನಿ ಮೈನರ್ ಎಂಬ ಎರಡು ಹೆಸರಲ್ಲಿ. ಇದೇ ವಿನ್ಯಾಸವನ್ನು ಹಿಗ್ಗಿಸಿ ಕಂಪನಿ 1962ರಲ್ಲಿ 1100, 1964ರಲ್ಲಿ 1800 ಎಂಬ ದೊಡ್ಡ ಕಾರುಗಳನ್ನು ತಂದಿತು. ಅವುಗಳಿಗೆ ಮಿನಿ ಅಂತ ಹೆಸರಿಡಲಿಲ್ಲ. ಮಿನಿ ಅಂದರೆ ಆ ಒಂದು ಅಳತೆ, ಅಷ್ಟೇ. 1969ರಲ್ಲಿ ಮಿನಿ ತಾನೇ ಒಂದು ಬ್ರ್ಯಾಂಡ್ ಆಯಿತು. ನನ್ನ ಪ್ರಕಾರ ದೊಡ್ಡ ಮಿನಿಯ ಬೀಜ ಬಿದ್ದದ್ದು ಅಲ್ಲೇ. ಒಂದು ಕಾರಿನ ಹೆಸರು ಮನೆತನದ ಹೆಸರಾದರೆ, ಆ ಮನೆಯಲ್ಲಿ ಮುಂದೆ ಯಾವ ಅಳತೆಯ ಮಕ್ಕಳೂ ಹುಟ್ಟಬಹುದು.

1994ರಲ್ಲಿ ಬಿಎಂಡಬ್ಲ್ಯು, ಆ ಹೊತ್ತಿಗೆ ಮಿನಿ ತಯಾರಿಸುತ್ತಿದ್ದ ರೋವರ್ ಕಂಪನಿಯನ್ನು ಕೊಂಡಿತು. 2000ದಲ್ಲಿ ಅದನ್ನು ಬಿಟ್ಟುಕೊಟ್ಟರೂ ಮಿನಿಯನ್ನು ತನ್ನ ಬಳಿಯೇ ಇಟ್ಟುಕೊಂಡಿತು. ಹಳೆಯ ಮಿನಿ ಅದೇ ವರ್ಷ ನಿಂತಿತು. ಅಷ್ಟರಲ್ಲಿ 53 ಲಕ್ಷಕ್ಕೂ ಹೆಚ್ಚು ಕಾರು ತಯಾರಾಗಿದ್ದವು. 2001ರ ಹೊಸ ಮಿನಿ 3.6 ಮೀಟರ್. ಆ ಬೆಳವಣಿಗೆಗೆ ನ್ಯಾಯವಾದ ಕಾರಣವಿತ್ತು. ಡಿಕ್ಕಿಯಾದಾಗ ಪೆಟ್ಟು ತಡೆಯಲು ಮುಂದೆ ಜಾಗ ಬೇಕು, ಏರ್‌ಬ್ಯಾಗ್ ಬೇಕು, ಗಟ್ಟಿ ಬಾಗಿಲು ಬೇಕು. ಜೀವ ಉಳಿಸುವ ಉದ್ದಕ್ಕೆ ಯಾರೂ ತಕರಾರು ಮಾಡಬಾರದು.

2010ರ ಕಂಟ್ರಿಮನ್ ವಿಚಾರ ಬೇರೆ. ಮಕ್ಕಳಾದ ಮೇಲೆ ಗಿರಾಕಿಗಳು ಬೇರೆ ಕಂಪನಿಯ ದೊಡ್ಡ ಗಾಡಿಗೆ ಹೋಗುತ್ತಿದ್ದರು. ಅವರನ್ನು ಉಳಿಸಿಕೊಳ್ಳಬೇಕಿತ್ತು. ಸಣ್ಣ ಕಾರಿನಲ್ಲಿ ಲಾಭವೂ ಕಡಿಮೆ. ಹಾಗಾಗಿ ಎತ್ತರದ, ಐದು ಬಾಗಿಲಿನ ಮಿನಿ ಬಂತು. ಅದು ತಯಾರಾದದ್ದು ಆಸ್ಟ್ರಿಯಾದ ಗ್ರಾಜ್‌ನಲ್ಲಿ. ಉದ್ದ 4.1 ಮೀಟರ್. ನಮ್ಮಲ್ಲಿ 2006ರ ಬಜೆಟ್ ಸಣ್ಣ ಕಾರಿಗೆ ತೆರಿಗೆ ಇಳಿಸಿದಾಗ ಹಾಕಿದ ಗೆರೆ 4 ಮೀಟರ್. ಅಂದರೆ ನಮ್ಮ ಸರ್ಕಾರದ ಲೆಕ್ಕದಲ್ಲಿ ಈ ಮಿನಿ ಸಣ್ಣ ಕಾರೇ ಅಲ್ಲ!

ಕಂಟ್ರಿಮನ್ ಎಂಬ ಹೆಸರು ಮಾತ್ರ ಹೊಸದಲ್ಲ. 1960ರಲ್ಲಿ ಹಿಂಭಾಗಕ್ಕೆ ಮರದ ಚೌಕಟ್ಟು ಹಾಕಿದ, ಸಾಮಾನು ಹೊರುವ ಮಿನಿಗೂ ಅದೇ ಹೆಸರಿತ್ತು. ಅದರ ಉದ್ದ 3.3 ಮೀಟರ್.

2011ರ ಜಿನೀವಾ ಪ್ರದರ್ಶನದಲ್ಲಿ ಮಿನಿ ಕಂಪನಿ ರಾಕೆಟ್‌ಮನ್ ಎಂಬ ಮಾದರಿ ಇಟ್ಟಿತ್ತು. ಸುಮಾರು 3.4 ಮೀಟರ್ ಉದ್ದ, ಕಾರ್ಬನ್ ಫೈಬರ್ ಚೌಕಟ್ಟು. ಹಳೆಯ ಮಿನಿಯ ಅಳತೆಗೆ ಇಷ್ಟು ಹತ್ತಿರ ಬಂದದ್ದನ್ನು ನೋಡಿ ಅಭಿಮಾನಿಗಳು ಬಹಳ ಆಸೆಪಟ್ಟರು. ಅದು ಮಾರಾಟಕ್ಕೆ ಬರಲೇ ಇಲ್ಲ.