ಬೆರಳಿನ ಶಾಯಿ ಅಳಿಸಿದರೆ ಇನ್ನೊಂದು ಓಟು ಹಾಕಬಹುದೇ?

ಓದುಗರ ಪ್ರಶ್ನೆ: ಚುನಾವಣೆ ಬಂದಾಗಲೆಲ್ಲ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ವಿಡಿಯೊ ಸುತ್ತುತ್ತದೆ. ನಿಂಬೆರಸ ಹಚ್ಚಿ ಉಜ್ಜಿದರೆ, ಇಲ್ಲವೇ ಪಪ್ಪಾಯಿ ಹಾಲು ಸವರಿದರೆ ಬೆರಳಿನ ಶಾಯಿ ಮಾಯವಂತೆ. ಗೆಳೆಯರಲ್ಲಿ ಅರ್ಧ ಜನ ನಂಬುತ್ತಾರೆ, ಅರ್ಧ ಜನ ನಗುತ್ತಾರೆ. ನಿಜ ಏನು? ಅಳಿಸಿಕೊಂಡವನು ಎರಡನೇ ಓಟು ಹಾಕಬಹುದಾ?

ಉತ್ತರ: ವಿಡಿಯೊ ಸುಳ್ಳೇ ಆಗಿರಬೇಕಿಲ್ಲ. ಅದರಲ್ಲಿ ಏನೋ ಹೋಗುವುದು ನಿಜ, ಆದರೆ ಹೋಗುವುದು ಬರೀ ಬಣ್ಣ. ಕಲೆ ಇನ್ನೂ ಮೂಡಿರುವುದೇ ಇಲ್ಲ.

ಮತಗಟ್ಟೆಯ ಶಾಯಿಯಲ್ಲಿ ಎರಡು ಕೆಲಸಗಾರರಿದ್ದಾರೆ ಅಂದುಕೊಳ್ಳಿ. ಹಚ್ಚಿದ ಕೂಡಲೇ ಕಾಣುವ ನೇರಳೆ ಬಣ್ಣ ಒಂದು. ಎಲ್ಲಿ ಹಚ್ಚಿದ್ದೇವೆ ಎಂದು ಸಿಬ್ಬಂದಿಗೆ ಕಾಣಲಿ ಅಂತ ಅದನ್ನು ಬೆರೆಸಿರುತ್ತಾರೆ. ಸೋಪು, ಸ್ಪಿರಿಟ್ಟು, ನಿಂಬೆರಸಕ್ಕೆಲ್ಲ ಅದು ಸ್ವಲ್ಪ ಮಟ್ಟಿಗೆ ಮಣಿಯುತ್ತದೆ. ಇನ್ನೊಂದು ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಲವಣ. ಇದಕ್ಕೆ ಹಚ್ಚುವಾಗ ಬಣ್ಣವೇ ಇಲ್ಲ. ಚರ್ಮದ ಬೆವರಿನ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಅದು ನೀರಿನಲ್ಲಿ ಕರಗದ ವಸ್ತು. ಮೇಲೆ ಬೆಳಕು ಬಿದ್ದಂತೆ ಅದರೊಳಗಿನ ಬೆಳ್ಳಿ ಸಣ್ಣ ಸಣ್ಣ ಕಣಗಳಾಗಿ ಬಿಡುಗಡೆಯಾಗಿ ಕಂದು, ಆಮೇಲೆ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಹಳೆಯ ಕಾಲದ ಕಪ್ಪು-ಬಿಳುಪು ಫೋಟೊ ಫಿಲ್ಮಿನಲ್ಲಿ ಚಿತ್ರ ಮೂಡುತ್ತಿದ್ದದ್ದೂ ಬೆಳ್ಳಿಯ ಲವಣದ ಇದೇ ಗುಣದಿಂದ. ಹಾಗಾಗಿ ಮತಗಟ್ಟೆಯಿಂದ ಹೊರಬಂದು ಹತ್ತು ನಿಮಿಷಕ್ಕೆ ಬೆರಳು ಉಜ್ಜಿ "ನೋಡ್ರೋ, ಹೋಯ್ತು" ಎಂದು ವಿಡಿಯೊ ಹಾಕಿದವರು ಸಂಜೆ ಹೊತ್ತಿಗೆ ಅದೇ ಬೆರಳಿನ ಇನ್ನೊಂದು ವಿಡಿಯೊ ಹಾಕುವುದಿಲ್ಲ. ಹಾಕಿದ್ದರೆ ಅಲ್ಲಿ ಕಪ್ಪು ಗೆರೆ ಕಾಣುತ್ತಿತ್ತು. ಬಿಸಿಲಿಗೆ ಹೋದಷ್ಟೂ ಕಲೆ ಬೇಗ ಗಾಢವಾಗುತ್ತದೆ.

ಈ ಬಗೆಯ ಚುನಾವಣಾ ಶಾಯಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 10ರಿಂದ 18 ಪಾಲು ಸಿಲ್ವರ್ ನೈಟ್ರೇಟ್ ಇರುತ್ತದೆ. ಬೇಗ ಒಣಗಲಿ ಅಂತ ಆಲ್ಕೋಹಾಲ್ ಬೆರೆಸಿರುತ್ತಾರೆ. ಒಂದು ನಿಮಿಷದೊಳಗೆ ಶಾಯಿ ಆರುತ್ತದೆ. ನಮ್ಮ ದೇಶದ ಶಾಯಿಯ ನಿಖರ ಪಾಕ ಗುಟ್ಟು. ಅದನ್ನು ರೂಪಿಸಿದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ತಯಾರಿಸುವುದು ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆ, ಅಂದರೆ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಈ ಕಾರ್ಖಾನೆ 1962ರ ಸಾರ್ವತ್ರಿಕ ಚುನಾವಣೆಯಿಂದ ಈಚೆಗೆ ಚುನಾವಣಾ ಆಯೋಗಕ್ಕೆ ಶಾಯಿ ಕೊಡುತ್ತಿದೆ. 2024ರ ಲೋಕಸಭಾ ಚುನಾವಣೆಗೆ ಹೋದದ್ದು 26 ಲಕ್ಷಕ್ಕೂ ಹೆಚ್ಚು ಸೀಸೆ. 10 ಮಿಲಿಲೀಟರಿನ ಒಂದು ಸೀಸೆ ಸುಮಾರು 700 ಬೆರಳಿಗೆ ಸಾಕು. ಲೆಕ್ಕ ಹಾಕಿದರೆ ಒಬ್ಬರ ಪಾಲಿಗೆ ಒಂದು ಹನಿಯೂ ಬರುವುದಿಲ್ಲ.

ಇನ್ನು ಕಲೆ ಎಷ್ಟು ದಿನ ಇರುತ್ತದೆ ಎಂಬ ಮಾತು. ಇದು ಬೆರಳಿನ ಯಾವ ಜಾಗ ಅನ್ನುವುದರ ಮೇಲೆ ನಿಂತಿದೆ. ಚರ್ಮದ ಮೇಲ್ಪದರ ತಾನಾಗಿಯೇ ಉದುರುತ್ತಾ ಹೊಸದು ಬರುತ್ತದೆ, ಆದ್ದರಿಂದ ಅಲ್ಲಿನ ಕಲೆ ಮೂರು-ನಾಲ್ಕು ದಿನ ಗಟ್ಟಿಯಾಗಿದ್ದು ಆಮೇಲೆ ಮಂಕಾಗುತ್ತದೆ. ಪಾತ್ರೆ ತಿಕ್ಕುವವರು, ಗಾರೆ ಕೆಲಸದವರ ಕೈಯಲ್ಲಿ ಇನ್ನೂ ಬೇಗ. ಉಗುರಿನ ಕಥೆ ಬೇರೆ. ಉಗುರು ಉದುರುವುದಿಲ್ಲ, ತಿಂಗಳಿಗೆ ಸುಮಾರು 3 ಮಿಲಿಮೀಟರಿನಂತೆ ಮುಂದಕ್ಕೆ ಬೆಳೆಯುತ್ತದೆ. ಅಲ್ಲಿ ಹಿಡಿದ ಕಲೆ ವಾರಗಟ್ಟಲೆ ಉಳಿದು, ಉಗುರಿನ ಜೊತೆಗೇ ತುದಿಯ ಕಡೆ ಸರಿಯುತ್ತಾ ಹೋಗುತ್ತದೆ.

ಹಿಂದೆ ಉಗುರು, ಚರ್ಮ ಕೂಡುವ ಬುಡದಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. 2006ರ ಫೆಬ್ರುವರಿ 1ರಿಂದ ಆಯೋಗ ಅದನ್ನು ಗೆರೆ ಮಾಡಿತು: ಎಡಗೈ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ. ಉಗುರಿನ ಉದ್ದಕ್ಕೂ ಹಾಯುವ ಗೆರೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಇದರ ಉಪಯೋಗ ಎಲ್ಲಿ ಅಂದರೆ, 2024ರಲ್ಲಿ ಕರ್ನಾಟಕಕ್ಕೆ ಎರಡು ಹಂತದಲ್ಲಿ ಮತದಾನ ಇತ್ತು. ಬೆಂಗಳೂರಿನಲ್ಲಿ ಏಪ್ರಿಲ್ 26, ಧಾರವಾಡದಲ್ಲಿ ಮೇ 7. ಹುಬ್ಬಳ್ಳಿಯ ಮನೆ ವಿಳಾಸದಲ್ಲೂ, ಬೆಂಗಳೂರಿನ ಬಾಡಿಗೆ ಮನೆ ವಿಳಾಸದಲ್ಲೂ ಹೆಸರಿರುವ ಒಬ್ಬ ಇಲ್ಲಿ ಓಟು ಹಾಕಿ ರಾತ್ರಿ ಬಸ್ಸು ಹತ್ತಿದರೆ ಮಧ್ಯೆ 11 ದಿನ ಸಿಗುತ್ತಿತ್ತು. ಆ ಹೊತ್ತಿಗೆ ಚರ್ಮದ ಕಲೆ ಮಾಸಿದ್ದರೂ ಉಗುರಿನದು ಉಳಿದಿರುತ್ತದೆ. ಶಾಯಿ ಇರುವುದು ಮುಖ್ಯವಾಗಿ ಇಂಥವರಿಗಾಗಿ.

ಹಾಗಾದರೆ ಅಳಿಸಿಕೊಂಡವನಿಗೆ ಅದೇ ಮತಗಟ್ಟೆಯಲ್ಲಿ ಎರಡನೇ ಓಟು ಸಿಗುತ್ತದಾ? ಸಿಗುವುದಿಲ್ಲ, ಶಾಯಿ ಪೂರ್ತಿ ಹೋಗಿದ್ದರೂ ಸಿಗುವುದಿಲ್ಲ. ಮೊದಲ ಮತಗಟ್ಟೆ ಅಧಿಕಾರಿ ಪಟ್ಟಿಯಲ್ಲಿ ನಿಮ್ಮ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದಾಗಿದೆ (ಹೆಂಗಸರಾದರೆ ಹೆಸರಿನ ಪಕ್ಕ ಒಂದು ಟಿಕ್ ಕೂಡ), ಎರಡನೆಯವರ ಬಳಿ ಓಟು ಹಾಕಲು ಬಂದವರನ್ನು ದಾಖಲಿಸುವ 17ಎ ನೋಂದಣಿ ಪುಸ್ತಕದಲ್ಲಿ ನಿಮ್ಮ ಸಹಿ ಇಲ್ಲವೇ ಹೆಬ್ಬೆಟ್ಟು ಬಿದ್ದಾಗಿದೆ. ಅದೇ ಹೆಸರಲ್ಲಿ ಮತ್ತೆ ಬಂದರೆ ಆ ಕೆಂಪು ಗೆರೆಯೇ ಹೇಳುತ್ತದೆ. ಬೇರೆಯವರ ಹೆಸರಲ್ಲಿ ಬಂದರೆ ಗುರುತಿನ ಚೀಟಿ, ಪಟ್ಟಿಯಲ್ಲಿನ ಫೋಟೊ, ಎಲ್ಲಕ್ಕಿಂತ ಹೆಚ್ಚಾಗಿ ಊರಿನ ಮುಖಗಳನ್ನೆಲ್ಲ ಬಲ್ಲ ಪಕ್ಷದ ಏಜೆಂಟರು ಇರುತ್ತಾರೆ. ಯಾವ ಏಜೆಂಟನಾದರೂ 2 ರೂಪಾಯಿ ಕಟ್ಟಿ "ಇವನು ಅವನಲ್ಲ" ಎಂದು ತಕರಾರು ಎತ್ತಬಹುದು. ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಿಸುತ್ತಾರೆ. ಸಿಕ್ಕಿಬಿದ್ದರೆ ಭಾರತೀಯ ನ್ಯಾಯ ಸಂಹಿತೆಯ 174ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಒಬ್ಬನೇ ಎರಡು ಕಡೆ ಹಾಕಿದ್ದು ಗೊತ್ತಾದರೆ ಎರಡೂ ಕ್ಷೇತ್ರದ ಓಟು ಅಸಿಂಧು.

ಶಾಯಿ ಕೈಕೊಡುವ ಸಂದರ್ಭಗಳೂ ಇವೆ, ಮತ್ತು ಅವು ರಸಾಯನದ ತಪ್ಪಿಗಿಂತ ಹಚ್ಚುವ ಕೈಯ ತಪ್ಪು. ಬೆರಳಿಗೆ ಎಣ್ಣೆ, ಜಿಡ್ಡು ಸವರಿಕೊಂಡು ಬಂದರೆ ಶಾಯಿ ಚರ್ಮ ಮುಟ್ಟುವುದೇ ಇಲ್ಲ. ಅದಕ್ಕೇ ಸಿಬ್ಬಂದಿ ಬಟ್ಟೆಯಿಂದ ಬೆರಳು ಒರೆಸಿ ಆಮೇಲೆ ಹಚ್ಚಬೇಕು ಎಂಬ ಸೂಚನೆ ಇದೆ. ಒಣಗುವ ಮೊದಲೇ ತಲೆಗೂದಲಿಗೋ ಪಂಚೆಗೋ ಒರೆಸಿಕೊಂಡರೆ ಕಲೆ ತೆಳುವಾಗುತ್ತದೆ. ಆದ್ದರಿಂದ ಶಾಯಿ ಮೊದಲು, ಸಹಿ ಆಮೇಲೆ ಎಂಬ ಕ್ರಮ: ಸಹಿ ಹಾಕಿ, ಚೀಟಿ ತೆಗೆದುಕೊಂಡು, ಯಂತ್ರದ ಬಟನ್ ಒತ್ತಿ ಹೊರಬರುವಷ್ಟರಲ್ಲಿ ಅದು ಆರಿರುತ್ತದೆ. ಮತಯಂತ್ರವನ್ನು ಓಟಿಗೆ ಸಜ್ಜು ಮಾಡುವ ಕಂಟ್ರೋಲ್ ಯೂನಿಟ್ ಮುಂದೆ ಕೂತವರು ಓಟಿಗೆ ಬಿಡುವ ಮುನ್ನ ಬೆರಳನ್ನು ಇನ್ನೊಮ್ಮೆ ನೋಡಬೇಕು. ಒರೆಸಿದ್ದು ಕಂಡರೆ ಮತ್ತೆ ಹಚ್ಚುತ್ತಾರೆ. ಹಚ್ಚಿಸಿಕೊಳ್ಳಲ್ಲ ಅಂದವರಿಗೆ ಓಟೇ ಇಲ್ಲ. ಸೀಸೆಯ ಮುಚ್ಚಳ ತೆರೆದೇ ಇಟ್ಟರೆ ಆಲ್ಕೋಹಾಲ್ ಆರಿ ಶಾಯಿ ದಪ್ಪಗಾಗುತ್ತದೆ. ಸೀಸೆ ಉರುಳಿ ಚೆಲ್ಲದಿರಲು ಮಾಡುವ ಉಪಾಯ ಮಾತ್ರ ಅಪ್ಪಟ ದೇಸಿ: ಒಂದು ಬಟ್ಟಲಿಗೋ ಖಾಲಿ ಡಬ್ಬಿಗೋ ಮರಳು ತುಂಬಿ, ಸೀಸೆಯನ್ನು ಮುಕ್ಕಾಲು ಭಾಗ ಅದರಲ್ಲಿ ಹೂತಿಡುವುದು. ಚೆಲ್ಲಿದ ಶಾಯಿ ಟೇಬಲ್ಲಿನಿಂದಲೂ ಸೀರೆಯಿಂದಲೂ ಹೋಗುವುದಿಲ್ಲವಲ್ಲ.

ಬೇರೆ ದೇಶಗಳಲ್ಲೂ ಇದೇ ಪಾಠ. 2004ರ ಅಫ್ಘಾನಿಸ್ತಾನದ ಅಧ್ಯಕ್ಷೀಯ ಚುನಾವಣೆಯಲ್ಲಿ ಶಾಯಿ ಸುಲಭವಾಗಿ ಹೋಗುತ್ತಿದೆ ಎಂದು ಗಲಾಟೆಯೇ ಆಯಿತು. ಕೆಲವು ಮತಗಟ್ಟೆಗಳಲ್ಲಿ ಅಳಿಸಲಾಗದ ಶಾಯಿಯ ಪೆನ್ನಿನ ಬದಲು ಮಾಮೂಲಿ ಮಾರ್ಕರ್ ಪೆನ್ನು ಬಳಸಿಬಿಟ್ಟಿದ್ದರು.

ಗೆಳೆಯರ ಮಧ್ಯೆ ಏಳುವ ಸಣ್ಣ ಪ್ರಶ್ನೆಗಳಿಗೂ ಉತ್ತರ ಹೇಳಿಬಿಡೋಣ. ಎಡಗೈ ತೋರುಬೆರಳು ಇಲ್ಲದಿದ್ದರೆ ಎಡಗೈಯ ಬೇರೆ ಬೆರಳು, ಅದೂ ಇಲ್ಲದಿದ್ದರೆ ಬಲಗೈ ತೋರುಬೆರಳು, ಆಮೇಲೆ ಬಲಗೈಯ ಉಳಿದ ಬೆರಳು. ಬೆರಳುಗಳೇ ಇಲ್ಲದವರಿಗೆ ತೋಳಿನ ತುದಿಗೆ. ಮರುಮತದಾನವಾದರೆ ಹಳೆಯ ಗುರುತು ಇನ್ನೂ ಇರುವುದರಿಂದ ಎಡಗೈ ಮಧ್ಯದ ಬೆರಳು. ಸೇನೆಯಲ್ಲಿರುವವರ ಪರವಾಗಿ ಓಟು ಹಾಕುವ ಪ್ರತಿನಿಧಿಗೂ ಮಧ್ಯದ ಬೆರಳೇ, ಏಕೆಂದರೆ ತೋರುಬೆರಳು ಅವರ ಸ್ವಂತ ಓಟಿಗೆ ಬೇಕು. ಮದುವೆ ಇದೆ, ಬೇಗ ಹೋಗಿಸಬೇಕು ಅನ್ನುವವರಿಗೆ ಬ್ಲೀಚು, ಆಸಿಡ್ಡಿನ ಸಲಹೆ ಕೊಡುವವರಿದ್ದಾರೆ. ಅವು ಚರ್ಮ ಸುಡುತ್ತವೆ, ಬೇಡ. ಗೋರಂಟಿ ಹಾಕಿಸಿಕೊಳ್ಳಿ, ಉಗುರಿಗೆ ಬಣ್ಣ ಹಚ್ಚಿ.

ಇನ್ನು ನಿಮ್ಮ ಗುಂಪಿನಲ್ಲಿ ಎರಡು ಊರಲ್ಲಿ ಹೆಸರಿರುವ ಗೆಳೆಯ ಇದ್ದರೆ ಅವನ ವಿಷಯ. ನಿಂಬೆಹಣ್ಣು ಹುಡುಕುವ ಬದಲು, ಊರು ಬಿಟ್ಟು ಬಂದಿದ್ದರೆ ಫಾರಂ 8 ತುಂಬಿ ವಿಳಾಸ ಬದಲಿಸಿಕೊಳ್ಳಲಿ. ಈಗಾಗಲೇ ಎರಡು ಕಡೆ ಹೆಸರು ಬಂದಿದ್ದರೆ ಬೇಡದ ಕಡೆ ತೆಗೆಸಲು ಫಾರಂ 7. ಎರಡನ್ನೂ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಕೈಗೆ ಕೊಡಬಹುದು, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಅವನು ಹೋಗುವ ಮೊದಲೇ ಅವನ ಹೆಸರಿನಲ್ಲಿ ಬೇರೆ ಯಾರೋ ಓಟು ಹಾಕಿದ್ದರೆ ಬೈದುಕೊಂಡು ವಾಪಸ್ ಬರಬೇಕಿಲ್ಲ, ಅಧ್ಯಕ್ಷಾಧಿಕಾರಿಯ ಹತ್ತಿರ ಟೆಂಡರ್ ಓಟು ಕೇಳಲಿ. ಗುರುತು ಖಚಿತವಾದರೆ ಯಂತ್ರದ ಬದಲು ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ, ಎಣಿಕೆಯ ದಿನ ತೆರೆಯುವುದಿಲ್ಲ.