ಡಿಶ್ ಎಂಡ್ ನಿರ್ವಾತ ತಡೆಯದಿದ್ದರೆ ಅದಕ್ಕೂ ರಿಂಗ್ ಹಾಕಬಹುದೇ?

ಪ್ರಶ್ನೆ: 2000 ಮಿ.ಮೀ. ಹೊರವ್ಯಾಸದ ಪಾತ್ರೆಯ ಸಿಲಿಂಡರಾಕಾರದ ಮೈಗೆ, ಅಂದರೆ ಶೆಲ್‌ಗೆ, ಬಿಗಿತ ಕೊಡುವ ಸ್ಟಿಫನರ್ ರಿಂಗ್ ಹಾಕಿ ಪೂರ್ಣ ನಿರ್ವಾತಕ್ಕೆ ಸರಿಪಡಿಸಿದ್ದೇವೆ. 6 ಮಿ.ಮೀ. ತಗಡಿನ ಡಿಶ್ ಎಂಡ್ (ಉಬ್ಬು ಮುಚ್ಚಳ) ಮತ್ತು ಕೆಳಗಿನ ಕೋನ್ (ಆಲಿಕೆಯಾಕಾರದ ತಳ) ಮಾತ್ರ ಲೆಕ್ಕದಲ್ಲಿ ನಿಲ್ಲುತ್ತಿಲ್ಲ. ಅವುಗಳಿಗೂ ರಿಂಗ್ ಹಾಕಿದರೆ ಆಗದೇ?

ಉತ್ತರ: ಕೋನ್‌ಗೆ ಹಾಕಿ, ಡಿಶ್ ಎಂಡ್‌ಗೆ ಬೇಡ.

ರಿಂಗ್ ಮಾಡುವ ಕೆಲಸ ಒಂದೇ: ಆಧಾರವಿಲ್ಲದ ಉದ್ದವನ್ನು ತುಂಡರಿಸುವುದು. ಸಿಲಿಂಡರಿನ ಲೆಕ್ಕದಲ್ಲಿ ಆ ಉದ್ದ ಇದೆ, ಡಿಶ್ ಎಂಡ್‌ನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಒತ್ತಡದ ಪಾತ್ರೆಗಳ ಅಮೆರಿಕನ್ ಸಂಹಿತೆ ಎಎಸ್‌ಎಂಇ ಸೆಕ್ಷನ್ 8 ಡಿವಿಷನ್ 1ರ ಯುಜಿ-33 ಎಂಬ ನಿಯಮ ಅದನ್ನು ಗೋಳದ ತುಣುಕೆಂದು ಎಣಿಸುತ್ತದೆ; ಅಲ್ಲಿ ಇರುವುದು ತ್ರಿಜ್ಯ ಮತ್ತು ದಪ್ಪ ಮಾತ್ರ. ಗೋಳ ಕುಸಿಯುವುದು ಒಂದು ಸಣ್ಣ ಗುಳಿಯಾಗಿ. ಆ ಗುಳಿಯನ್ನು ತಡೆಯಬೇಕಾದರೆ ರಿಂಗ್‌ಗಳನ್ನು ಒತ್ತೊತ್ತಾಗಿ ಬೆಸೆಯಬೇಕು, ಬೆಸುಗೆಯ ಸೆಳೆತಕ್ಕೆ ತೆಳು ತಗಡು ಅಲ್ಲಲ್ಲಿ ಚಪ್ಪಟೆಯಾಗುತ್ತದೆ. ಕುಸಿತ ಶುರುವಾಗುವುದೇ ಅಂಥ ಚಪ್ಪಟೆ ಜಾಗದಲ್ಲಿ.

ನಿಮ್ಮ ಡಿಶ್ ಎಂಡ್ 2:1 ಎಲಿಪ್ಸಾಯ್ಡಲ್ ಹೆಡ್ (ಅರ್ಧ ಅಗಲ ಆಳದ ಎರಡು ಪಟ್ಟಿರುವ ದೀರ್ಘವೃತ್ತದ ಮುಚ್ಚಳ) ಎಂದುಕೊಳ್ಳೋಣ. ಅದನ್ನು ಗೋಳವೆಂದು ಎಣಿಸುವಾಗ ಹಿಡಿಯುವ ಸಮಾನ ತ್ರಿಜ್ಯ ವ್ಯಾಸದ 0.9 ಪಟ್ಟು, ಅಂದರೆ 1800 ಮಿ.ಮೀ. ತುಕ್ಕಿಗೆಂದು 1.5 ಕಳೆದು 4.5 ಮಿ.ಮೀ. ಉಳಿದರೆ ಕಾರ್ಬನ್ ಸ್ಟೀಲಿನ ಹೆಡ್ ತಡೆಯುವುದು ಸುಮಾರು 0.078 ಎಂಪಿಎ (ಮೆಗಾಪ್ಯಾಸ್ಕಲ್). ಬೇಕಿರುವುದು ವಾತಾವರಣದ ಪೂರ್ತಿ ಒತ್ತಡ, 0.101. 8 ಮಿ.ಮೀ. ತಗಡು ತೆಗೆದುಕೊಂಡು, ಪ್ರೆಸ್ ಮಾಡುವಾಗ ತೆಳುವಾಗಿದ್ದೂ ತುಕ್ಕಿನದ್ದೂ ಕಳೆದು 5.5 ಉಳಿದರೆ 0.117. ಸ್ಥಿತಿಸ್ಥಾಪಕ ಮಿತಿಯೊಳಗೆ ಸಾಮರ್ಥ್ಯ ದಪ್ಪದ ವರ್ಗದಂತೆ ಏರುವುದರಿಂದ ಒಂದೇ ಮಿಲಿಮೀಟರಿಗೆ ಇಷ್ಟು ಲಾಭ. ರಿಂಗ್ ಬಾಗಿಸಿ ಬೆಸೆಯುವ ಕೂಲಿಗಿಂತ ಇದು ಅಗ್ಗವೇ. ಆರ್ಡರಿನಲ್ಲಿ ಮಾತ್ರ ತಗಡಿನ ದಪ್ಪ ಬರೆದು ಬಿಡಬೇಡಿ, ಪ್ರೆಸ್ ಆದ ಮೇಲಿನ ಕನಿಷ್ಠ ದಪ್ಪ ಬರೆಯಿಸಿ. ಯುಜಿ-33 ಕೇಳುವ ಎರಡನೆಯ ಪರೀಕ್ಷೆಯನ್ನೂ ಮರೆಯಬೇಡಿ: ಹೊರ ಒತ್ತಡದ 1.67 ಪಟ್ಟನ್ನು ಒಳ ಒತ್ತಡವೆಂದು ಹಿಡಿದು ಮಾಡುವ ಲೆಕ್ಕ.

ಕೋನ್‌ನ ಕಥೆ ಬೇರೆ. ಅದರ ಅಕ್ಷಕ್ಕೂ ಗೋಡೆಗೂ ನಡುವಿನ ಅರ್ಧ ಕೋನ 60 ಡಿಗ್ರಿ ಮೀರದಿದ್ದರೆ ಅದನ್ನು ಸಮಾನ ಸಿಲಿಂಡರ್ ಆಗಿ ಎಣಿಸಬಹುದು. ನಿಮ್ಮದು 30 ಡಿಗ್ರಿ, ಸಣ್ಣ ತುದಿ 500 ಮಿ.ಮೀ. ಎಂದುಕೊಳ್ಳೋಣ. ಎತ್ತರ 1299 ಇದ್ದರೂ ಲೆಕ್ಕಕ್ಕೆ ಬರುವ ಉದ್ದ 812 ಮಿ.ಮೀ., ದಪ್ಪ 4.5ರ ಬದಲು 3.9. ತಡೆಯುವುದು ಸುಮಾರು 0.075 ಎಂಪಿಎ. ನಡು ಎತ್ತರದಲ್ಲಿ ಒಂದು ರಿಂಗ್ ಹಾಕಿದರೆ ಮೇಲಿನ ಭಾಗದ ಉದ್ದ 528ಕ್ಕೆ ಇಳಿದು ಸಾಮರ್ಥ್ಯ 0.119ರ ಸುಮಾರಿಗೆ ಬರುತ್ತದೆ. ಕೆಳಭಾಗ ವ್ಯಾಸ ಕಡಿಮೆಯಾದ್ದರಿಂದ ಹೇಗೂ ಗಟ್ಟಿ. ಹಾಗಾಗಿ ರಿಂಗನ್ನು ದೊಡ್ಡ ತುದಿಯ ಕಡೆ ಇನ್ನಷ್ಟು ಸರಿಸುವುದು ಜಾಣತನ.

ಹೆಚ್ಚಿನವರು ಎಡವುವುದು ಕೋನ್ ಮತ್ತು ಶೆಲ್ ಸೇರುವ ಜಾಗದಲ್ಲಿ. ಅದು ತಾನಾಗಿಯೇ ಆಧಾರ ರೇಖೆಯಲ್ಲ, ಅಂದರೆ ಆಧಾರವಿಲ್ಲದ ಉದ್ದ ಅಲ್ಲಿಗೆ ಮುಗಿಯಿತೆಂದು ಹಿಡಿಯುವಂತಿಲ್ಲ. ಹಾಗೆ ಎಣಿಸಬೇಕಾದರೆ ಅಲ್ಲಿ ಬಾಗುವಿಕೆ ತಡೆಯಲು ಬೇಕಾದ ಜಡತ್ವ ಭ್ರಮಣಾಂಕ (ಮೊಮೆಂಟ್ ಆಫ್ ಇನರ್ಷಿಯಾ) ಇದೆಯೆಂದು ಅದೇ ಸಂಹಿತೆಯ ಅಪೆಂಡಿಕ್ಸ್ 1-8ರ ಪ್ರಕಾರ ತೋರಿಸಬೇಕು. ಸಾಲದಿದ್ದರೆ ಮೊದಲ ರಿಂಗ್ ಅಲ್ಲೇ ಬೀಳಬೇಕು.

ಹೊರಗಿನ ರಿಂಗ್‌ಗೆ ಬಿಟ್ಟುಬಿಟ್ಟು ಬೆಸುಗೆ ಹಾಕುವುದಾದರೆ ನಡುವಿನ ತೆರಪು ತಗಡಿನ ದಪ್ಪದ 8 ಪಟ್ಟು ಮೀರಕೂಡದು, ಪ್ರತಿ ಬದಿಯಲ್ಲೂ ಸುತ್ತಳತೆಯ ಅರ್ಧದಷ್ಟಾದರೂ ಬೆಸುಗೆ ಇರಬೇಕು. ಮೇಲೆ ಇನ್ಸುಲೇಷನ್ ಬರುವುದಿದ್ದರೆ ಪೂರ್ತಿ ಬೆಸೆಯಿರಿ, ಇಲ್ಲವಾದರೆ ಸಂದಿನಲ್ಲಿ ನೀರು ನಿಂತು ತುಕ್ಕು ತಿನ್ನುತ್ತದೆ.

ಇನ್ನು ಪಾತ್ರೆಗೆ ಜಾಕೆಟ್ (ಬಿಸಿ ಅಥವಾ ತಂಪು ಮಾಡಲು ಹೊರಗೆ ಸುತ್ತಿದ ಕವಚ) ಇದ್ದರೆ ಈ ಅಂಕಿಗಳು ಸಾಲವು. ಜಾಕೆಟ್ಟಿನಲ್ಲಿ 3 ಬಾರ್, ಒಳಗೆ ನಿರ್ವಾತ ಎಂದರೆ ಹೊರ ಒತ್ತಡ 4 ಬಾರ್ (0.4 ಎಂಪಿಎ). ಅದೇ ಹೆಡ್‌ಗೆ ತುಕ್ಕು ಕಳೆದು ಹತ್ತು ಮಿ.ಮೀ.ಗೂ ಮಿಕ್ಕಿ ಉಳಿದಿರಬೇಕು.